ಹಿರಿಯರ ಕೋಣೆಯ ಚಿಲಕ

ದೆವ್ವ, ಗಾಳಿ, ಮೈಮೇಲೆ ಬರುವುದು ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಈಗ ಇದೆ ಎಂದೂ ಹೇಳಲಾರೆ. ರಾಜಾಜಿನಗರದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತು ಕೂದಲು ನೆರೆಸಿಕೊಂಡವಳು ನಾನು. ತಡವಾಗಿ ಬಂದವರು ಹೇಳುವ ಕಾರಣಗಳನ್ನು ದಿನಾ ಕೇಳಿ ಕೇಳಿ, ಯಾರು ಏನೇ ಹೇಳಿದರೂ ಮೊದಲು ಸುಳ್ಳೆಂದೇ ಭಾವಿಸುವ ಸ್ವಭಾವ ಬಂದುಬಿಟ್ಟಿದೆ. ಎಷ್ಟೋ ಜನರ ಅಜ್ಜಿಯರು ರಜೆಗಾಗಿ ನನ್ನ ಮೇಜಿನ ಮುಂದೆ ಎರಡೆರಡು ಸಲ ಸತ್ತಿದ್ದಾರೆ. ಆದ್ದರಿಂದ ನಾನು ಈಗ ಹೇಳುವುದನ್ನು ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೂ ನಂಬುತ್ತಿರಲಿಲ್ಲ.

ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ವಿಜಯನಗರದ ಒಂದು ವಂಶಾವಳಿ ಸಂಘಕ್ಕೆ ಸೇರಿಕೊಂಡೆ. ಸಂಘವೆಂದರೆ ದೊಡ್ಡದೇನಲ್ಲ. ಪ್ರಿಂಟಿಂಗ್ ಪ್ರೆಸ್ಸಿನ ಮೇಲಿನ ಒಂದು ಕೋಣೆ, ಒಂದಷ್ಟು ಪ್ಲಾಸ್ಟಿಕ್ ಕುರ್ಚಿ, ನಮ್ಮಂಥ ಕೆಲಸವಿಲ್ಲದ ಕೆಲವರು. ಭಾನುವಾರ ಬೆಳಿಗ್ಗೆ ಬಂದವರಿಗೆ ಅವರ ಹಿಂದಿನವರು ಯಾರು, ಯಾವ ಊರಿನವರು ಎಂದು ಹುಡುಕಿಕೊಡುತ್ತೇವೆ. ಬರುವವರಲ್ಲಿ ಹೆಚ್ಚಿನವರಿಗೆ ಬೇಕಾಗಿರುವುದು ಮುತ್ತಜ್ಜನಲ್ಲ, ಮುತ್ತಜ್ಜನ ಜಮೀನು. ಕಚೇರಿಗೆ ಕೊಡುವ ವಂಶವೃಕ್ಷದಿಂದ ಹೆಣ್ಣುಮಕ್ಕಳ ಹೆಸರನ್ನು ಹೇಗೆ ಬಿಡಿಸುವುದು ಎಂದು ಕೇಳಿಕೊಂಡು ಬಂದವರನ್ನು ನಾನೇ ಮೆಟ್ಟಿಲಿಳಿಸಿ ಕಳಿಸಿದ್ದೇನೆ.

ಜಯಮ್ಮ ಅಂಥವಳಲ್ಲ. ಕೆಂಗೇರಿಯಲ್ಲಿ ಸೀರೆಗೆ ಫಾಲ್ ಹೊಲಿದು ಬದುಕುವ, ಅರವತ್ತರ ಹತ್ತಿರದ ಹೆಂಗಸು. ಗಂಡನಿಲ್ಲ, ಮಕ್ಕಳಾಗಿಲ್ಲ. ಅವಳು ಚಿಕ್ಕವಳಿದ್ದಾಗಲೇ ತಾಯಿ ಲಕ್ಕಮ್ಮ ತೀರಿಕೊಂಡಿದ್ದಳು. ಆ ತಾಯಿ ಹರೆಯದಲ್ಲಿ ಬೇರೆ ಜಾತಿಯ ಲಾರಿ ಡ್ರೈವರನೊಬ್ಬನ ಜೊತೆ ಮನೆ ಬಿಟ್ಟು ಬಂದವಳು, ತನ್ನ ತೌರು ಯಾವುದೆಂದು ಮಗಳಿಗೆ ಬಾಯಿ ಬಿಟ್ಟು ಹೇಳಲೇ ಇಲ್ಲ. ಆದರೆ ಪ್ರತಿ ಮಹಾಲಯ ಅಮಾವಾಸ್ಯೆಗೆ ಅಡುಗೆಮನೆಯ ಮೂಲೆಯಲ್ಲಿ ಎಲೆ ಹಾಸಿ, ಸತ್ತ ತಂದೆತಾಯಿಗೆ ಎಡೆ ಇಟ್ಟು ಅಳುತ್ತಿದ್ದಳಂತೆ. ಅವಳು ಹೋದ ಮೇಲೆ ಅದೇ ಮೂಲೆಯಲ್ಲಿ ಜಯಮ್ಮ ತಾಯಿಗೆ ಎಡೆ ಇಡುತ್ತ ಬಂದಿದ್ದಳು.

ಅವಳು ನಮ್ಮನ್ನು ಕೇಳಿದ್ದು ಒಂದೇ ಒಂದು. "ನಮ್ಮವ್ವ ಸಾಯೋವಾಗ್ಲೂ ತೌರಿನ ಎಡೆ ಅಂತಲೇ ಕನವರಿಸ್ತಿದ್ಲು ಅಕ್ಕಾ. ಅಲ್ಲಿ ಒಂದ್ಸಲ ಅವಳ ಹೆಸರು ಕೂಗಿಸ್ಬೇಕು. ನಂಗೆ ಇನ್ನೇನೂ ಬೇಡ," ಎಂದಳು.

ಸಂಘದ ಕಾರ್ಯದರ್ಶಿ ನಂಜುಂಡಯ್ಯ ಹಿಂದೆ ಹೈಸ್ಕೂಲಿನಲ್ಲಿ ಹೆಡ್ಮಾಸ್ಟರಾಗಿದ್ದವರು. ಬಂದವರ ಹೆಸರನ್ನು ಅವರು ಮೊದಲು ಕೇಳುವುದಿಲ್ಲ. ಮನೆದೇವರು ಯಾವುದು, ಮಕ್ಕಳ ಮುಡಿ ಎಲ್ಲಿ ತೆಗೆಸುತ್ತೀರಿ, ಎಡೆಗೆ ಏನನ್ನು ಬೇಯಿಸುವುದಿಲ್ಲ ಎಂದು ಕೇಳುತ್ತಾರೆ. ತಾತನ ಹೆಸರು ಮರೆತವರಿಗೂ ಮನೆಯ ಅಡುಗೆಯ ನಿಷೇಧ ನೆನಪಿರುತ್ತದೆ. ಜಯಮ್ಮನ ತಾಯಿ ಎಡೆಗೆ ಸಿಹಿಗುಂಬಳ ಹಾಕುತ್ತಿರಲಿಲ್ಲವಂತೆ. ಕುಂಬಳವಿಲ್ಲದೆ ನಮ್ಮ ಕಡೆ ಹಿರಿಯರ ಹಬ್ಬವೇ ಇಲ್ಲ. ಅದನ್ನು ಮುಟ್ಟದ ಒಂದು ಮನೆತನ ಅತ್ತಿಗುಪ್ಪೆಯ ಹಳೆಯ ಊರಿನಲ್ಲಿದೆ ಎಂದು ನಂಜುಂಡಯ್ಯನವರಿಗೆ ಗೊತ್ತಿತ್ತು. ಅಲ್ಲಿ ಹೋಗಿ ವಿಚಾರಿಸಿದರೆ, ಲಕ್ಕಮ್ಮ ಎಂಬ ಮಗಳು ಮನೆ ಬಿಟ್ಟು ಹೋದದ್ದು ಬೀದಿಯ ಮುದುಕಿಯರಿಗೆಲ್ಲ ನೆನಪಿತ್ತು.

ಲಕ್ಕಮ್ಮನ ತಮ್ಮ ಚಿಕ್ಕಹನುಮಯ್ಯ ಇನ್ನೂ ಬದುಕಿದ್ದ. ಹೊಲಗಳೆಲ್ಲ ಸೈಟಾಗಿ, ಸೈಟುಗಳೆಲ್ಲ ಬಾಡಿಗೆ ಮನೆಗಳಾಗಿ, ಆ ಕಟ್ಟಡಗಳ ನಡುವೆ ಅವನ ಹಳೆಯ ಹೆಂಚಿನ ಮನೆ ಹಾಗೆಯೇ ಉಳಿದಿತ್ತು. ನಾವು ಮೂವರೂ ಹೋದಾಗ ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತಿದ್ದ. ನಮ್ಮನ್ನು ಕೂರಲು ಹೇಳಲಿಲ್ಲ. ನಂಜುಂಡಯ್ಯ ವಿಷಯವನ್ನು ವಿನಯದಿಂದ ವಿವರಿಸಿದರು. ಆತ ಜಯಮ್ಮನ ಮುಖವನ್ನು ನೋಡದೆ ನಂಜುಂಡಯ್ಯನವರನ್ನೇ ನೋಡುತ್ತ ಹೇಳಿದ: "ಅವಳು ಓಡಿಹೋದ ವಾರವೇ ಕೆರೆ ಏರಿ ಮೇಲೆ ಕೂತ್ಕೊಂಡು ನಮ್ಮಪ್ಪ ಅವಳ ತಿಥಿ ಮಾಡಿ ಮುಗಿಸಿದ್ರು. ಸತ್ತೋಳಿಗೆ ಮಗಳು ಹೇಗೆ ಹುಟ್ತಾಳೆ ಸಾರ್?"

ನಾನು ಏನೋ ಒರಟಾಗಿ ಅಂದೆ. ಜಯಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೊರಗೆ ಬಂದಳು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆವು. ಆದರೆ ಹಬ್ಬದ ಹಿಂದಿನ ವಾರ ಮುದುಕನ ಮಗ ರಮೇಶ ನಂಜುಂಡಯ್ಯನವರಿಗೆ ಫೋನ್ ಮಾಡಿ, ಅಪ್ಪನನ್ನು ಒಪ್ಪಿಸಿದ್ದೇನೆ, ಅತ್ತೆಯ ಹೆಸರನ್ನು ಈ ಸಲ ಎಡೆಯಲ್ಲಿ ಕೂಗುತ್ತೇವೆ ಎಂದ. ಅವನದು ಬಲು ನಯವಾದ ಮಾತು. ಒಂದು ಸಣ್ಣ ಫಾರ್ಮಾಲಿಟಿ ಇದೆ ಎಂದೂ ಸೇರಿಸಿದ. ತಾತನ ಆಸ್ತಿಯಲ್ಲಿ ತನಗೆ ಯಾವ ಹಕ್ಕೂ ಇಲ್ಲವೆಂದು ಜಯಮ್ಮ ಬರೆದುಕೊಡಬೇಕಿತ್ತು. ಸತ್ತವಳಿಗೆ ಮಗಳು ಹುಟ್ಟುವುದಿಲ್ಲ, ಆದರೆ ಅವಳ ಪಾಲು ಮಾತ್ರ ಹುಟ್ಟಬಹುದು ಎಂದು ಮಗನಿಗೆ ಹೊಳೆದಿತ್ತು! ವಕೀಲರನ್ನು ಕೇಳದೆ ಸಹಿ ಹಾಕಬೇಡ ಎಂದು ನಾನು ಬಡಿದುಕೊಂಡೆ. ಜಯಮ್ಮ ನಕ್ಕಳು. ಹೋಗಿ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ, ಹೆಬ್ಬೆಟ್ಟು ಎರಡನ್ನೂ ಕೊಟ್ಟು ಬಂದಳು.

ಅಮಾವಾಸ್ಯೆಯ ಸಂಜೆ ಒಬ್ಬಳೇ ಹೋಗಲು ಧೈರ್ಯವಾಗದೆ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ಅವ್ವನಿಗೆಂದು ಹಸಿರು ಸೀರೆ ಕೊಂಡು ತಾನೇ ಫಾಲ್ ಹೊಲಿದು ತಂದಿದ್ದಳು. ರಮೇಶನ ಹೆಂಡತಿ ಅದನ್ನು ಒಳಗಿಡಲಿಲ್ಲ. ಹೊರಗಿನಿಂದ ತಂದ ಬಟ್ಟೆ ಹಿರಿಯರಿಗೆ ಆಗಿಬರುವುದಿಲ್ಲವಂತೆ. ಜಯಮ್ಮ ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಜಾರದ ಮೂಲೆಯಲ್ಲಿ ಕೂತಳು. ಆ ಮನೆಯ ಒಳಕೋಣೆಯೇ ಹಿರಿಯರ ಕೋಣೆ. ಒಂದೇ ಬಾಗಿಲು, ಕಿಟಕಿಯಿಲ್ಲ, ಮೇಲೆ ಗಾಜಿನ ಹೆಂಚೊಂದರಿಂದ ಬರುವ ಬೆಳಕು. ಒಳಗೆ ಸಾಲಾಗಿ ಎಲೆ ಹಾಸಿ ಮುದ್ದೆ, ಅನ್ನ, ಮಾಂಸದ ಸಾರು, ಕಜ್ಜಾಯ, ಹೊಸ ಪಂಚೆ, ಬೀಡಿಕಟ್ಟು ಎಲ್ಲವನ್ನೂ ಇಟ್ಟಿದ್ದರು.

ಮುದುಕ ಧೂಪ ಹಾಕಿ ಹೆಸರುಗಳನ್ನು ಕೂಗತೊಡಗಿದ. ಅಜ್ಜ, ಅಜ್ಜಿ, ಅಪ್ಪ, ಅವ್ವ, ದೊಡ್ಡಪ್ಪ, ಸತ್ತ ತಮ್ಮ, ಹೆಂಡತಿ. ಪ್ರತಿ ಹೆಸರಿಗೂ ಜಯಮ್ಮ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ಸರಿಯುತ್ತಿದ್ದಳು. ಕೊನೆಗೆ ಆತ ನಿಲ್ಲಿಸಿ ನಮ್ಮ ಕಡೆ ತಿರುಗಿ ನೋಡಿದ. ಆಮೇಲೆ ನಿಧಾನವಾಗಿ ಧೂಪದ ಬಟ್ಟಲನ್ನು ಕೆಳಗಿಟ್ಟು ಹೊರಗೆ ಬಂದ. ಲಕ್ಕಮ್ಮನ ಹೆಸರು ಕೂಗಲಿಲ್ಲ. ಮರೆತಿರಬಹುದೆಂದು ನಂಜುಂಡಯ್ಯ ನೆನಪಿಸಿದರು. "ನೆನಪಿದೆ ಸಾರ್. ಬಾಯಿಗೆ ಬರ್ಲಿಲ್ಲ," ಎಂದ. ರಮೇಶ ಮೊಬೈಲ್ ನೋಡುತ್ತ ನಿಂತಿದ್ದ. ಕಾಗದ ಹೇಗೂ ರಿಜಿಸ್ಟರ್ ಆಗಿತ್ತಲ್ಲ. ಅಪ್ಪ ಮಗ ಇಬ್ಬರ ಕಪಾಳಕ್ಕೂ ಬಾರಿಸಬೇಕೆಂದು ನನಗೆ ಆ ಕ್ಷಣದಲ್ಲಿ ಅನ್ನಿಸಿತು.

ಹಿರಿಯರು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹಜಾರದಲ್ಲಿ ಕಾಯುವುದು ಪದ್ಧತಿ. ಕೊನೆಗೆ ಹೊರಬಂದವನು ಮುದುಕನೇ. ಅವನೇ ಬಾಗಿಲನ್ನು ಎಳೆದುಕೊಂಡ, ನಾನು ಕಣ್ಣಾರೆ ನೋಡಿದೆ. ಮನೆಯಲ್ಲಿದ್ದವರೆಲ್ಲರೂ ನನ್ನ ಎದುರಿಗೇ ಇದ್ದರು. ಸ್ವಲ್ಪ ಹೊತ್ತಾದ ಮೇಲೆ ಆತ ಎದ್ದು, ಪದ್ಧತಿಯಂತೆ ಕೆಮ್ಮಿ, ಬಾಗಿಲು ತಟ್ಟಿ ತಳ್ಳಿದ. ಬಾಗಿಲು ತೆರೆಯಲಿಲ್ಲ.

ತೇವಕ್ಕೆ ಮರ ಉಬ್ಬಿರಬೇಕು ಎಂದು ರಮೇಶ ಭುಜ ಕೊಟ್ಟು ತಳ್ಳಿದ. ಆಮೇಲೆ ಸಂದಿಯಲ್ಲಿ ಮೊಬೈಲಿನ ಬೆಳಕು ಬಿಟ್ಟು ನೋಡಿದವನು ಹಿಂದೆ ಸರಿದ. ನಾನೂ ಹೋಗಿ ಇಣುಕಿದೆ. ಒಳಗಿನಿಂದ ಚಿಲಕ ಹಾಕಿತ್ತು.

ಮುದುಕನ ಮುಖ ಬಿಳಿಚಿಕೊಂಡಿತ್ತು. ಆದರೆ ಅಂಥವರ ಹೆದರಿಕೆ ಹೆಚ್ಚು ಹೊತ್ತು ಹೆದರಿಕೆಯಾಗಿ ಉಳಿಯುವುದಿಲ್ಲ. ಮೊದಲ ಸಲ ಜಯಮ್ಮನನ್ನು ನೇರವಾಗಿ ನೋಡಿ ಹೇಳಿದ: "ನೋಡಿದ್ಯಾ? ನೀನು ಮೆಟ್ಟಿದ ಮನೇಲಿ ಉಣ್ಣೋಕೂ ಅವ್ರಿಗೆ ಹೇಸಿಗೆ. ಒಳಗೆ ನಿಮ್ಮವ್ವ ಇದ್ರೂ ಅವಳೇ ಚಿಲಕ ಹಾಕಿರ್ತಾಳೆ."

ಜಯಮ್ಮನಿಗೆ ಅದರಲ್ಲಿ ಕೇಳಿಸಿದ್ದು ಬೇರೆಯೇ. "ಹಾಗಾದ್ರೆ ಅವ್ವ ಬಂದವ್ಳಾ ಮಾವ?" ಎಂದು ಕೇಳಿದಳು. ಅವನ ಉತ್ತರಕ್ಕೆ ಕಾಯದೆ ಬಾಗಿಲ ಹತ್ತಿರ ಹೋಗಿ ಹಣೆಯನ್ನು ಮರಕ್ಕೆ ಒತ್ತಿ ನಿಂತಳು. "ಅವ್ವಾ, ನಾನು ಕಣವ್ವಾ, ಜಯ. ತೆಗಿ," ಎಂದಳು. ಚಿಕ್ಕ ಮಗು ಶಾಲೆಯಿಂದ ಬಂದು ಕರೆಯುವ ಹಾಗಿತ್ತು ಆ ದನಿ. ಮತ್ತೆ ಮತ್ತೆ ಕರೆದಳು. ಸೀರೆ ತಂದಿದ್ದೇನೆ ಎಂದು ಹೇಳಿದಳು. ಬಾಗಿಲು ಮಿಸುಕಲಿಲ್ಲ. ನಾನು ಅಳುವ ಹೆಂಗಸಲ್ಲ, ಆದರೂ ಅಲ್ಲಿ ನಿಂತು ನೋಡಲಾಗದೆ ಬೀದಿಗೆ ಬಂದೆ.

"ಆಚೆಗೆ ಕಳ್ಸಿ ಅವಳನ್ನ," ಎಂದು ಮುದುಕ ಕೂಗಾಡಿದ. ನಂಜುಂಡಯ್ಯ ಅವಳ ಭುಜ ಹಿಡಿದು ಕರೆದುಕೊಂಡು ಬಂದರು. ಹೊಸಿಲು ದಾಟಿ ಜಗಲಿ ಇಳಿದು ಅವಳು ಚಪ್ಪಲಿ ಮೆಟ್ಟುತ್ತಿದ್ದಳು. ಆಗ ಒಳಗಿನಿಂದ ಕಬ್ಬಿಣ ಸರಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ಬೀದಿಯಲ್ಲಿದ್ದ ನಮಗೂ ಕೇಳಿಸಿತು ಎಂದರೆ ಎಷ್ಟು ಜೋರಾಗಿತ್ತೋ ಊಹಿಸಿ. ಬಾಗಿಲು ತೆರೆಯಿತು ಎಂದು ರಮೇಶನ ಹೆಂಡತಿ ಒಳಗೆ ಕೂಗಿದಳು. ಜಯಮ್ಮ ಒಂದು ಕಾಲಿಗೆ ಚಪ್ಪಲಿ, ಒಂದು ಕಾಲು ಬರಿಗಾಲು, ಹಾಗೆಯೇ ನಿಂತುಬಿಟ್ಟಳು.

ನಾನು ಯಾರನ್ನೂ ಕೇಳದೆ ಒಳಗೆ ನುಗ್ಗಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ದೀಪ ಉರಿಯುತ್ತಿತ್ತು, ಎಲೆಗಳ ಮೇಲಿನ ಒಂದು ಅಗುಳೂ ಅಲುಗಿರಲಿಲ್ಲ. ಪಕ್ಕದಲ್ಲೇ ಮೆಟ್ರೋ ಓಡುತ್ತದೆ, ಅದರ ಕಂಪನಕ್ಕೆ ಚಿಲಕ ಸರಿದಿರಬಹುದು ಎಂದು ಆ ಚಿಲಕವನ್ನು ಹಿಡಿದು ನೋಡಿದೆ. ತುಕ್ಕು ಹಿಡಿದು ಬಿಗಿದಿತ್ತು. ಒಂದು ಕೈಯಲ್ಲಿ ಆಗದೆ ಎರಡೂ ಕೈಯಿಂದ ಎಳೆದಾಗ ಅರ್ಧ ಸರಿಯಿತು, ಬೆರಳಿನ ಚರ್ಮ ಕಿತ್ತುಹೋಯಿತು. ಹೆಂಚು ಒಂದೂ ಸರಿದಿರಲಿಲ್ಲ. ಯಾರೋ ಹೂಡಿದ ಆಟವೇ ಎಂದು ಇವತ್ತಿಗೂ ಯೋಚಿಸುತ್ತೇನೆ. ಆದರೆ ಆ ಮುದುಕನ ಮುಖ ಬಿಳಿಚಿಕೊಂಡದ್ದು ನಟನೆಯಲ್ಲ. ಸುಳ್ಳು ಹೇಳುವವರ ಮುಖ ನನಗೆ ಗೊತ್ತು.

ಅವನಿಗೆ ಇದೆಲ್ಲ ತನ್ನ ಪರವಾದ ತೀರ್ಪಾಯಿತು. ಓಡಿಹೋದವಳ ಮಗಳು ಹೊಸಿಲು ದಾಟಿದ ಮೇಲೆಯೇ ಹಿರಿಯರು ಬಾಗಿಲು ತೆಗೆದರು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದನಂತೆ. ಆ ಮನೆಯವರೆಲ್ಲ ಆ ರಾತ್ರಿ ಚೆನ್ನಾಗಿಯೇ ಉಂಡರು ಎಂದೂ ಕೇಳಿದೆ.

ನಾನು ಬಹಳ ಯೋಚಿಸಿ ಬೇರೊಂದು ಅರ್ಥ ಹುಡುಕಿದೆ. ನಂಬಿಕೆಯಿಲ್ಲದವಳು ದೆವ್ವದ ಪರ ವಕಾಲತ್ತು ವಹಿಸುವುದು ತಮಾಷೆಯೇ. ಆದರೂ ಕೆಂಗೇರಿಗೆ ಹೋಗಿ ಜಯಮ್ಮನಿಗೆ ಹೇಳಿದೆ: ಹೆಸರು ಕೂಗದ ತಮ್ಮನ ಮುಖಕ್ಕೆ ನಿಮ್ಮವ್ವ ಬಾಗಿಲು ಹಾಕಿದಳು. ನೀನು ಹೊರಟಾಗ ನಿನ್ನ ಜೊತೆ ಬರಲು ಚಿಲಕ ತೆಗೆದಳು.

ಅವಳು ಯಾರದೋ ಸೀರೆಯ ಅಂಚನ್ನು ಹೊಲಿಯುತ್ತ ಕೇಳಿಸಿಕೊಂಡಳು. ದಾರವನ್ನು ಹಲ್ಲಿನಿಂದ ಕಡಿದಳು.

"ನಾನೂ ಹಾಗೇ ಅಂದ್ಕೊಂಡೆ ಅಕ್ಕಾ. ಮೆಟ್ರೋದಲ್ಲಿ ಕೆಂಗೇರಿವರ್ಗೂ ಪಕ್ಕದ ಸೀಟಿನ ಮೇಲೆ ಕೈ ಇಟ್ಕೊಂಡು ಜಾಗ ಹಿಡ್ಕೊಂಡು ಬಂದೆ. ಯಾರೂ ಬರ್ಲಿಲ್ಲ. ನಾನು ತೆಗಿ ಅಂದಾಗ ತೆಗೀಲಿಲ್ಲ, ಅವ್ನು ಆಚೆಗೆ ಕಳ್ಸು ಅಂದಾಗ ತೆಗೆದ್ಲು. ಅಷ್ಟೇ," ಎಂದಳು.

ಆ ಚಿಲಕವನ್ನು ಹಾಕಿದವರು ಯಾರು, ತೆಗೆದವರು ಯಾರು, ಯಾರ ಮೇಲಿನ ಸಿಟ್ಟಿಗೆ ಎಂಬುದು ನನಗೆ ತಿಳಿಯದು. ತಿಳಿದಿರುವುದು ಇಷ್ಟು. ಮರುವರ್ಷದ ಮಹಾಲಯ ಅಮಾವಾಸ್ಯೆಗೆ ಜಯಮ್ಮ ತನ್ನ ಅಡುಗೆಮನೆಯ ಮೂಲೆಯಲ್ಲಿ ಎಲೆ ಹಾಸಲಿಲ್ಲ. ಅದರ ಮುಂದಿನದಕ್ಕೂ ಹಾಸಲಿಲ್ಲ. ಲಕ್ಕಮ್ಮ ಎಂಬ ಹೆಂಗಸಿಗೆ ಈಗ ಯಾವ ಮನೆಯಲ್ಲೂ ಎಡೆಯಿಲ್ಲ.