ಸುಲೋಚನಮ್ಮನವರ ಹೇಸಿಗೆ

ಹಿರೇನಲ್ಲೂರಿನ ಸುಲೋಚನಮ್ಮನವರಿಗೆ ಹೇಸಿಗೆ ಸ್ವಲ್ಪ ಜಾಸ್ತಿ ಎಂಬುದು ಊರಿಗೆಲ್ಲ ಗೊತ್ತಿತ್ತು. ಮಜ್ಜಿಗೆಯ ಮೇಲೆ ನೊಣ ಕೂತರೆ ಮಜ್ಜಿಗೆಯ ಜೊತೆಗೆ ಚೆಂಬನ್ನೂ ಆಳಿಗೆ ಕೊಟ್ಟುಬಿಡುವವರು. ಅಜ್ಜಂಪುರದಿಂದ ಮದುವೆಯಾಗಿ ಬಂದ ಹೊಸದರಲ್ಲಿ ಗಂಡನ ಮನೆಯ ಬಚ್ಚಲು ನೋಡಿ ಊಟ ಬಿಟ್ಟಿದ್ದರಂತೆ. ಇಂಥವರ ಪಾಲಿಗೆ ಹುಲಿಗೆಮ್ಮನ ಎದೆಯ ಹುಣ್ಣು ಬಂತು.

ಹುಲಿಗೆಮ್ಮ ಗಂಡನ ಅಕ್ಕ. ಚಿಕ್ಕ ವಯಸ್ಸಿಗೇ ವಿಧವೆಯಾಗಿ ತವರಿಗೆ ಬಂದು, ತಾಯಿಯಿಲ್ಲದ ತಮ್ಮ ಈರಭದ್ರಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಎಂಬತ್ತೆರಡನೇ ಇಸವಿಯಲ್ಲಿ ಎದೆಯಲ್ಲಿ ಗಂಟು ಕಂಡಾಗ ನಾಚಿಕೊಂಡು ಯಾರಿಗೂ ಹೇಳಲಿಲ್ಲ. ಸೆರಗಿನಡಿಯಿಂದ ವಾಸನೆ ಬರತೊಡಗಿದ ಮೇಲೆ ಹೇಳುವ ಅಗತ್ಯವೇ ಉಳಿಯಲಿಲ್ಲ. ದೊಡ್ಡಾಸ್ಪತ್ರೆಯವರು ನೋಡಿ, "ಮನೆಗೆ ಕರಕೊಂಡು ಹೋಗಿ" ಎಂದರು. ಮನೆಗೆ ಕರಕೊಂಡು ಹೋಗಿ ಏನು ಮಾಡಬೇಕೆಂದು ಮಾತ್ರ ಹೇಳಲಿಲ್ಲ.

ಮಾಡಿದವರು ಸುಲೋಚನಮ್ಮ. ಹುಣ್ಣಿನಲ್ಲಿ ಹುಳ ಕಂಡ ದಿನ ಅವರಿಗೆ ಕಣ್ಣು ಕತ್ತಲಿಟ್ಟಿತು. ಗೋಡೆ ಹಿಡಿದು ನಿಂತು, ಕತ್ತಲೆ ಹೋದ ಮೇಲೆ ಮತ್ತೆ ಕೂತರು. ಉಪ್ಪು ಹಾಕಿದ ಬಿಸಿನೀರು, ಕುದಿಸಿ ಒಣಗಿಸಿದ ಹಳೇ ಪಂಚೆ, ತರೀಕೆರೆಯ ಒಬ್ಬ ಮುದಿ ಡಾಕ್ಟರು ಕೊಟ್ಟ ನೋವಿನ ಮಾತ್ರೆ. ಮಾತ್ರೆ ನುಂಗಿದರೆ ಅತ್ತಿಗೆಗೆ ನಿದ್ದೆ, ಇಲ್ಲದಿದ್ದರೆ ಇಲ್ಲ.

ಈರಭದ್ರಪ್ಪನವರು ಒಂದು ಕಾಲಕ್ಕೆ ತಾಲ್ಲೂಕು ಬೋರ್ಡಿನ ಮೆಂಬರಾಗಿದ್ದವರು. ಅವಧಿ ಮುಗಿಯಿತು, ಮೆಂಬರು ಮುಗಿಯಲಿಲ್ಲ. ಅಕ್ಕನ ಕಾಯಿಲೆ ಅವರ ಮನಸ್ಸನ್ನು ಎಷ್ಟು ಕಲಕಿತೆಂದರೆ, ಕಡೂರಿನಲ್ಲಿ ಒಂದು ಕೋಣೆ ಹಿಡಿದು 'ಕಡೂರು ತರೀಕೆರೆ ಅಜ್ಜಂಪುರ ವಲಯ ಅಸಹಾಯಕ ರೋಗಿಗಳ ಸೇವಾ ಸಂಘ' ಕಟ್ಟಿ ತಾವೇ ಅಧ್ಯಕ್ಷರಾದರು. ಸಾಯುವವರ ಕೈ ಹಿಡಿಯುವುದೇ ನಮ್ಮ ಸಂಸ್ಕೃತಿ ಎಂದು ಅವರು ಭಾಷಣ ಮಾಡಿದಾಗ ಮುಂದಿನ ಸಾಲಿನವರು ಕಣ್ಣೊರೆಸಿಕೊಂಡರು. ಮನೆಯಲ್ಲಿ ಮಾತ್ರ ಮೂಗಿಗೆ ಟವೆಲ್ಲು ಹಿಡಿದು ಕೋಣೆಯ ಬಾಗಿಲಲ್ಲಿ ನಿಂತು, "ಹೆಂಗಿದೀಯಕ್ಕಾ" ಎಂದು ಕೇಳಿ, ಉತ್ತರ ಬರುವ ಹೊತ್ತಿಗೆ ಜಗಲಿ ದಾಟಿರುತ್ತಿದ್ದರು. ಮಾತ್ರೆಯ ಬಗ್ಗೆಯೂ ಅವರದೊಂದು ತತ್ವವಿತ್ತು.

"ಅದು ಅಮಲು ಕಣೇ. ಅಭ್ಯಾಸ ಆಗ್ಬಿಟ್ರೆ?"

"ಆಗ್ಲಿ ಬಿಡಿ. ಸತ್ತ ಮೇಲೆ ಎಲ್ಲಿ ಹುಡುಕ್ಕೊಂಡು ಹೋಗ್ತಾರೆ."

ಇದೆಲ್ಲವನ್ನೂ ಸುಲೋಚನಮ್ಮ ನುಂಗಿಕೊಂಡಾರು. ನುಂಗಲಾಗದ್ದು ಪಂಚಕ. ತಿಂಗಳಿಗೊಮ್ಮೆ ಬಂದು ಹೋಗುವ ಐದು ಕೆಟ್ಟ ನಕ್ಷತ್ರಗಳಲ್ಲಿ ಯಾರಾದರೂ ಮನೆಯೊಳಗೆ ಸತ್ತರೆ ಉಳಿದವರು ತಿಂಗಳುಗಟ್ಟಲೆ ಮನೆ ಬಿಡಬೇಕು. ಮೆಂಬರದು ಹೊಸ ತಾರಸಿ ಮನೆ, ನೆಲಕ್ಕೆಲ್ಲ ಮೊಸಾಯಿಕ್ಕು. ಆದ್ದರಿಂದ ಪಂಚಕ ಬಂದಾಗಲೆಲ್ಲ ಹುಲಿಗೆಮ್ಮನನ್ನು ಚಾಪೆಯ ಸಮೇತ ಎತ್ತಿ ಹಿತ್ತಲಿನ ಕೊಬ್ಬರಿ ಶೆಡ್ಡಿಗೆ ಹಾಕುವುದು, ಕಳೆದ ಮೇಲೆ ವಾಪಸು ತರುವುದು. ಶೆಡ್ಡಿನಲ್ಲಿ ಇಲಿಗಳಿದ್ದವು.

"ನಾಳೆ ಮಧ್ಯಾಹ್ನದಿಂದ ಪಂಚಕ ಹಿಡೀತದೆ," ಎಂದರು ಈರಭದ್ರಪ್ಪ ಆ ಸಲವೂ. "ಅಕ್ಕನ್ನ ಸಾಗ್ಸಕ್ಕೆ ತಮ್ಮಯ್ಯಂಗೆ ಹೇಳಿದೀನಿ."

"ಸಾಗ್ಸಕ್ಕೆ ಅವರೇನು ಕೊಬ್ಬರಿ ಮೂಟೆಯಾ? ಇನ್ನು ಎತ್ತಕೂಡ್ದು. ಇದೇ ಮಂಚದ ಮೇಲೆ ಹೋಗ್ಲಿ."

"ಮನೆ ಬಿಡೋ ಹಂಗಾದ್ರೆ ಜನ ಏನಂದಾರು? ನಾನೊಬ್ಬ ಅಧ್ಯಕ್ಷ."

"ಕಳೆದ ಸಲ ಎತ್ತಿದಾಗ ಹುಣ್ಣು ಬಾಯಿಬಿಟ್ಟು ರಕ್ತ ಹರೀತು. ಒರೆಸಿದೋಳು ನಾನು. ಅಧ್ಯಕ್ಷರು ಎಲ್ಲಿದ್ರು?"

"ತರೀಕೆರೆ ಶಾಖೆ ಉದ್ಘಾಟನೇಲಿ," ಎಂದರು ಈರಭದ್ರಪ್ಪ, ಬಹಳ ಪ್ರಾಮಾಣಿಕವಾಗಿ.

ಒಳಗಿನಿಂದ ಹುಲಿಗೆಮ್ಮನ ದನಿ ಬಂತು. "ಹೊರಗೇ ಹಾಕ್ರವ್ವ ನನ್ನ. ಮಗೀನ ಮನೆ ಕೆಡೋದು ಬ್ಯಾಡ."

ಐವತ್ತು ದಾಟಿದ ಆ ಮಗು ಟವೆಲ್ಲಿನ ಹಿಂದೆ ತಲೆಯಾಡಿಸಿ ಒಪ್ಪಿಗೆ ಸೂಚಿಸಿತು. ಆಗ ಸುಲೋಚನಮ್ಮನವರಿಗೆ ಹುಟ್ಟಿದ ಹೇಸಿಗೆ ಹುಳ ಕಂಡ ದಿನವೂ ಹುಟ್ಟಿರಲಿಲ್ಲ.

ಮರುದಿನ ಆಳು ತಮ್ಮಯ್ಯ ಇನ್ನೊಬ್ಬನನ್ನು ಕರಕೊಂಡು ಬಂದಾಗ ಅವರು ಅತ್ತಿಗೆಗೆ ಮಾತ್ರೆ ನುಂಗಿಸಿ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು.

"ಎತ್ತು, ಯಾರು ಬ್ಯಾಡ ಅಂದ್ರು. ತಲೆ ಕಡೆ ಮಾತ್ರ ಮೆಂಬರ್ರು ಹಿಡೀಲಿ. ನೀವಿಬ್ರೂ ಕಾಲ್ ಕಡೆ ಹಿಡೀರಿ."

ಹುಣ್ಣಿರುವುದು ತಲೆಯ ಕಡೆಗೆ. ತಮ್ಮಯ್ಯ ಮೆಂಬರ ಮುಖ ನೋಡಿದ. ಮೆಂಬರು ಗಡಿಯಾರ ನೋಡಿದರು. ಸಂಘದ ಮೀಟಿಂಗು ನೆನಪಾಯಿತು, ಕಡೂರಿನ ಬಸ್ಸಿಗೆ ಹೊತ್ತಾಯಿತು, ಹೊರಟರು. ಮಾರನೆಯ ದಿನ ಹುಲಿಗೆಮ್ಮ ಆ ಮಂಚದ ಮೇಲೆಯೇ, ನಿದ್ದೆಯಲ್ಲಿ, ಪಂಚಕದ ನಟ್ಟನಡುವೆ ತೀರಿಕೊಂಡಳು.

ಜೋಯಿಸರು ಮೂರು ತಿಂಗಳು ಮನೆ ಬಿಡಬೇಕೆಂದರು. ಈರಭದ್ರಪ್ಪ ಹಾಸಿಗೆ ಸುತ್ತಿಕೊಂಡು ಕಡೂರಿನ ಸಂಘದ ಕೋಣೆ ಸೇರಿದರು. ಸುಲೋಚನಮ್ಮ ಕದಲಲಿಲ್ಲ. "ಮೂರು ತಿಂಗಳು ಈ ಮನೆಗೆ ಯಾರೂ ಕಾಲಿಡಲ್ಲ ಅಂದ್ರೆ ಅದು ನನ್ನ ಪುಣ್ಯ," ಎಂದರು. ಇವರಿಗೆ ಏನಾಗುತ್ತದೋ ಎಂದು ಊರು ಕುತೂಹಲದಿಂದ ಕಾದಿತು. ಏನೂ ಆಗಲಿಲ್ಲ. ಕೆಲವರಿಗೆ ಅದರಿಂದ ನಿರಾಶೆಯೂ ಆಯಿತು.

ಒಂದು ಬೆಳಿಗ್ಗೆ ಬಾಗಿಲ ಮುಂದೆ ಎತ್ತಿನ ಗಾಡಿ ನಿಂತಿತು. ದೇವನೂರಿನ ಚಿಕ್ಕಬೀರಪ್ಪ. ಗಾಡಿಯಲ್ಲಿ ಅವನ ತಾಯಿ ದುರ್ಗಮ್ಮ, ಕೆನ್ನೆ ತೂತುಬಿದ್ದು, ಮುಖದ ಮೇಲೆ ಬಟ್ಟೆ ಮುಚ್ಚಿಕೊಂಡು ಮಲಗಿದ್ದಳು.

"ಅವ್ವನ್ನ ನಿಮ್ಮನೇಲಿ ಇಟ್ಕೊಳ್ರವ್ವ," ಎಂದ. "ಹೆಂಗೂ ನಿಮ್ಮನೆ ಕೆಟ್ಟೋಗೈತೆ. ಇನ್ನೊಂದು ಜೀವ ಹೋದ್ರೆ ಹೊಸದಾಗಿ ಕೆಡೋದೇನೈತೆ? ನಮ್ದು ಈಗ ಹೆಂಚು ಹಾಕ್ಸಿರೋ ಮನೆ."

ಅದರಲ್ಲಿ ತಪ್ಪೇನಿದೆಯೆಂದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸುಲೋಚನಮ್ಮನವರಿಗೆ ಬಾಗಿಲು ಹಾಕಿಕೊಳ್ಳೋಣವೆನಿಸಿತು. ಅಷ್ಟರಲ್ಲಿ ಎತ್ತು ಒಂದು ಹೆಜ್ಜೆ ಹಿಂದೆ ಸರಿದು ಗಾಡಿ ಅಲುಗಿತು. ಬಟ್ಟೆಯಡಿಯಿಂದ ಬಂದ ನರಳಿಕೆ ಕೇಳಿ ಇನ್ನೊಂದು ಕದವನ್ನೂ ತೆರೆದರು.

ತಾಯಿಯನ್ನು ಇಳಿಸಿದವನೇ ಚಿಕ್ಕಬೀರಪ್ಪ ಗಾಡಿ ತಿರುಗಿಸಿದ.

"ಎಲ್ಲಿಗಪ್ಪಾ? ಎತ್ತು ಬಿಚ್ಚು. ಅವ್ವನ ಜೊತೆ ಮಗ ಇರೋದಾದ್ರೆ ಜಾಗ ಐತೆ."

"ನಂಗೆ ವಾಸ್ನೆ ತಡಿಯಕ್ಕಾಗಕಿಲ್ಲವ್ವ."

"ನಂಗೂ ಆಗಲ್ಲ. ನೀರು ಕಾಯ್ಸೋಗು."

ಅವನು ಶಾಪ ಹಾಕುತ್ತಲೇ ಕಾಯಿಸಿದ. ಕೊನೆಗೆ ತೊಳೆಯುವುದನ್ನೂ ಕಲಿತ. ಸುದ್ದಿ ಹಬ್ಬಿ ಅಜ್ಜಂಪುರದಿಂದ, ತರೀಕೆರೆಯಿಂದ, ಸಖರಾಯಪಟ್ಟಣದಿಂದ ಗಾಡಿಗಳು ಬಂದವು. ಸೇವೆಯ ಹೆಸರು ಕೇಳಿ ಬಂದವರು ಒಬ್ಬರೂ ಇಲ್ಲ; ಎಲ್ಲರೂ ತಂತಮ್ಮ ಮನೆ ಕೆಡಬಾರದೆಂದೇ ಬಂದವರು. ಎಂಬತ್ತೆಂಟನೇ ಇಸವಿ ಬಂದರೂ ಆ ಮನೆಗೆ ಶಾಂತಿ ಮಾಡಿಸಲು ಬಿಡುವು ಸಿಗಲಿಲ್ಲ. ಮೆಂಬರು ಕಡೂರಿನಲ್ಲೇ ಉಳಿದರು.

ಜೊತೆಗಿರಬೇಕೆಂಬ ಕರಾರು ಕೇಳಿ ಎಷ್ಟೋ ಗಾಡಿಗಳು ರೋಗಿಯನ್ನು ಇಳಿಸದೆ ವಾಪಸಾಗುತ್ತಿದ್ದವು. ಸುಲೋಚನಮ್ಮ ಅವರನ್ನು ತಡೆಯುತ್ತಿರಲಿಲ್ಲ. ಮಾರನೆಯ ದಿನ ಮಾತ್ರೆ, ಬಟ್ಟೆ ಚೀಲಕ್ಕೆ ತುಂಬಿಕೊಂಡು ಬಸ್ಸು ಹತ್ತಿ ಅವರ ಊರಿಗೇ ಹೋಗುವರು. ಮನೆಯ ಗಂಡಸರು ಆ ಹೊತ್ತಿಗೆ ಹೊಲದಲ್ಲಿ ಬಹಳ ಕೆಲಸವಿದೆಯೆಂದು ಹೊರಟಿರುತ್ತಿದ್ದರು. ಸುಲೋಚನಮ್ಮ ಹೊಲಕ್ಕೇ ಹೋಗಿ ಕರಕೊಂಡು ಬರುತ್ತಿದ್ದರು.