ಭಾಲ್ಕಿದಲ್ಲದ ಬಸರಿ

ವೈನಿ, ನಮ್ಮ ಅಂಗಳದಾಗಿನ ಬಸರಿ ಗಿಡ ನಿಮ್ಮ ಅವ್ವಂದಲ್ಲರಿ. ನಿಮ್ಮ ತವರು ಭಾಲ್ಕಿಯಿಂದ ಬಂದ ಕೊಂಬಿ ಅದಲ್ಲ. ಆ ಕೊಂಬಿಯನ್ನ ನಾನೇ ಕೊಂದೆ — ಕೊಂದು, ಅದರ ಜಾಗಾದಾಗ ಬ್ಯಾರೆ ಕೊಂಬಿ ಹಚ್ಚಿ, ಇಪ್ಪತ್ತೈದು ವರ್ಷ ನಿಮ್ಮ ಮುಂದ ಏನೂ ಆಗಿಲ್ಲದವರ ಹಂಗ ಓಡಾಡೇನಿ.

ಹಿಂಗ ಒಮ್ಮೆಲೆ ಹೇಳಬಾರದಿತ್ತೇನೋ. ಆದ್ರ ನನ್ನ ಗುಣ ನಿಮಗ ಗೊತ್ತೇ ಅದ — ಸುತ್ತಿ ಬಳಸಿ ಹೇಳಾಕ ಕುಂತ್ರ ನಡುವ ಒಂದು ಚ್ಯಾಷ್ಟಿ ಮಾಡಿ, ನಿಮ್ಮನ್ನ ನಗಿಸಿ, ಎದ್ದು ಹೋಗಿಬಿಡ್ತೇನಿ. ಎಷ್ಟೋ ಸಲ ಹಂಗೇ ಆಗ್ಯದ. ಇವತ್ತು ಆಗಂಗಿಲ್ಲ. ನಿಮ್ಮ ಅಣ್ಣನ ಮಗ ವೀರಣ್ಣ ಭಾಲ್ಕಿಯಿಂದ ಗಾಡಿ ಕಳಿಸ್ಯಾನ. ಅಜ್ಜಿ ಇದ್ದ ಜಾಗಾದಾಗೇ ಹೊಸ ಮನಿ ಕಟ್ಟಿಸ್ಯಾನಂತ, ಅಂಗಳ ಬಯಲದಂತ. "ಅಜ್ಜಿ ಗಿಡದ ಕೊಂಬಿ ಒಂದು ತಗೊಂಡು ಬಾ ಅತ್ತಿ, ನಿನ್ನ ಕೈಲೇ ಹಚ್ಚು" ಅಂತ ಹೇಳಿ ಕಳಿಸ್ಯಾನ. ಎಷ್ಟು ವರ್ಷದ ಮ್ಯಾಲ ತವರಿನವರು ಕರೆದ್ರು ನಿಮ್ಮನ್ನ! ನಿನ್ನೆಯಿಂದ ನಿಮ್ಮ ಕಾಲು ನೆಲದ ಮ್ಯಾಲ ನಿಲ್ಲವಲ್ಲವು. ಯಾವ ಕೊಂಬಿ ಕಡೀಬೇಕು ಅಂತ ಗಿಡದ ಕೆಳಗ ನಿಂತು ನನ್ನನ್ನೇ ಕೇಳ್ತೀರಿ. ನಾ ಹ್ಯಾಂಗ ಕೈ ಮಾಡಿ ತೋರಿಸ್ಲಿ, ಹೇಳ್ರಿ?

ನೀವು ಅಣ್ಣನ ಕೈ ಹಿಡಿದು ಈ ಬೀದರ ಮನಿಗಿ ಬಂದಾಗ ಅಂಗಳದಾಗ ಒಂದು ಹಸುರು ಕಡ್ಡಿ ಇರಲಿಲ್ಲ. ಕೆಂಪು ಕಲ್ಲಿನ ನೆಲ, ಬ್ಯಾಸಿಗ್ಯಾಗ ಬರಿಗಾಲಿಲೆ ಬಾವಿ ಮಟ ಹೋಗಾಕ ಆಗ್ತಿರಲಿಲ್ಲ. ನಮ್ಮವ್ವ ತೀರಿ, ಅಪ್ಪ, ಅಣ್ಣ, ನಾನು — ಗಂಡಸರೇ ಉಳಿದ ಮನಿ. ನೆರಳಿನ ಚಿಂತಿ ಯಾರಿಗಿತ್ತು? ನೀವು ಬಂದ ಮ್ಯಾಲ ಅಪ್ಪಗ ಗಿಡದ ನೆನಪಾಯ್ತು. ಅಣ್ಣ ಬೇವು ಅಂದ. "ಬೇವು ನೆರಳು ಕೊಡೋತನಕ ನಾ ಇರ್ತೇನೇನೋ?" ಅಂದ ಅಪ್ಪ. ನಾ ನುಗ್ಗಿ ಅಂದೆ, ವರ್ಷದಾಗ ಮಾಳಿಗಿ ಮಟ ಬರ್ತದ ಅಂತ. ಗಾಳಿಗಿ ಮುರಿದು ತಲಿ ಮ್ಯಾಲ ಬೀಳ್ತದ, ಕಂಬಳಿಹುಳದ ಕಾಟ ಬ್ಯಾರೆ ಅಂತ ಇಬ್ಬರೂ ಕೂಡಿ ನನ್ನ ಬಾಯಿ ಮುಚ್ಚಿಸಿದ್ರು. ಆವಾಗ ನೀವು, ಬಾಗಿಲ ಮರಿಗಿ ನಿಂತು, ಮೊದಲನೇ ಸಲ ಮಾವನ ಮುಂದ ಬಾಯಿ ಬಿಟ್ಟಿರಿ: "ನಮ್ಮವ್ವ ಹಚ್ಚಿದ ಬಸರಿ ಅದರಿ. ಕೊಂಬಿ ತಂದು ನೆಟ್ರ ಮೂರು ವರ್ಷಕ್ಕ ಹೊರಸು ಹಾಕುವಷ್ಟು ನೆರಳು ಬರ್ತದರಿ." ನಿಮ್ಮ ಅವ್ವ ತೀರಿ ಇನ್ನೂ ವರ್ಷ ತುಂಬಿರಲಿಲ್ಲ. ಅಪ್ಪ ಆವಾಗಲೇ ಗಾಡಿ ಹೂಡ್ರಿ ಅಂದ.

ಮಿರಗಾ ಮಳಿಗಿ ಮುಂಚೆ ಕೊಂಬಿ ಬಂತು — ತೋಳಿನ ದಪ್ಪ, ಆಳಿಗಿಂತ ಎತ್ತರ. ಕಡಿದಲ್ಲಿ ಹಾಲು ಒಣಗಲಿ ಅಂತ ಪಡಸಾಲ್ಯಾಗ ನೆರಳಿಗಿ ಇಟ್ಟಿರಿ. ನಾನು, ಅಣ್ಣ ಕಬ್ಬಿಣದ ಹಾರಿ ಹಿಡಿದು ಕೆಂಪು ಕಲ್ಲು ಒಡೆದು ಕುಣಿ ತೋಡಿದ್ವು. ಬೇರು ಗ್ವಾಡಿಗೂ ಹೋಗಬಾರದು, ಬಾವಿಗೂ ಹೋಗಬಾರದು ಅಂತ ಅಪ್ಪ ಹೆಜ್ಜಿ ಹಾಕಿ ಜಾಗಾ ತೋರಿಸಿದ. ಕುಣಿಗಿ ಹಾಕಿದ ಕರಿ ಮಣ್ಣು ಸೈತ ಭಾಲ್ಕಿದೇ. ಮ್ಯಾಲಿನ ತುದಿಗಿ ಸಗಣಿ-ಮಣ್ಣಿನ ಮುದ್ದಿ ಮೆತ್ತಿ, ಹಳೇ ಸೀರಿ ತುಂಡು ಸುತ್ತಿದಿರಿ. "ವೈನಿ, ಕುಂಚಿಗಿ ಕಟ್ಟಿದಂಗಾಯ್ತು, ಇನ್ನ ತೊಟ್ಟಿಲಾಗ ಹಾಕಿ ತೂಗ್ರಿ" ಅಂದೆ ನಾ. ಭಾಳ ನಕ್ಕಿರಿ. ಆವಾಗ ನಿಮ್ಮ ಹೊಟ್ಟ್ಯಾಗ ಕೂಸಿತ್ತು.

ಶ್ರಾವಣಕ್ಕ ಕೊಂಬಿ ಚಿಗುರಿತು. ನೀವು ಬಾಣಂತನಕ್ಕ ಭಾಲ್ಕಿಗಿ ಹೊಂಟ ದಿನ, ಗಾಡಿ ಹತ್ತಿ ಕುಂತವರು ಮತ್ತ ಇಳಿದು ನನ್ನ ಹತ್ರ ಬಂದ್ರಿ. "ಗುರಪ್ಪ, ದಿನಾ ಸಂಜಿಗಿ ನೀರು ಹಾಕ್ರಿ. ಯಾರೂ ಅದನ್ನ ಅಲ್ಲಾಡಿಸಬಾರದು ನೋಡ್ರಿ, ಬೇರು ಇನ್ನೂ ಕೂದಲಿನಷ್ಟು ಸಣ್ಣ ಇರ್ತಾವು." ನಾ ಅಂದೆ, "ನಾ ಇದ್ದೇನಿ, ನೀವು ಕೂಸಿನ ಕಡಿ ನೋಡ್ಕೋರಿ." ಎಷ್ಟು ಹಗುರಾಗಿ ಅಂದೆ!

ಆ ದೀಪಾವಳಿ ಮುಂದ ಔರಾದ ಸಂತ್ಯಾಗ ನಾ ಒಂದು ತಟ್ಟು ಕುದುರಿ ಕೊಂಡೆ. ಸಂತಪುರ, ಡಾಬಕಾ ಕಡಿ ಹಳ್ಳಿ ಹಳ್ಳಿಗಿ ಜವಳಿ ಗಂಟು ಹೊತ್ತು ತಿರುಗೋ ಆಳು ನಾನು. ಕುದುರಿ ಮ್ಯಾಲ ಕುಂತು ಬೀದರ ಬಜಾರದಾಗ ಬಂದಾಗ ನನಗ ನಾನೇ ನವಾಬ. ಮನಿಗಿ ಬಂದೆ — ಕಟ್ಟೋದೆಲ್ಲಿ? ಅಂಗಳದಾಗ ನೆಟ್ಟಗ ಒಂದು ಗೂಟ ನಿಂತಿತ್ತು. ಆ ಹೊತ್ತಿಗಿ ನನ್ನ ಕಣ್ಣಿಗಿ ಅದು ಗೂಟವೇ. ಒಂದೇ ದಿನಕ್ಕ ಅಂತ ಕಟ್ಟಿದೆ. ಮರುದಿನವೂ ಕಟ್ಟಿದೆ. ಬ್ಯಾರೆ ಗೂಟ ಹೊಡೀಬೇಕಂದ್ರ ಕಲ್ಲು ಒಡೀಬೇಕಲ್ಲ, ಯಾರು ಒಡೀತಾರ? ಕುದುರಿ ಅದಕ್ಕ ಮೈ ತಿಕ್ಕಿತು, ಜಗ್ಗಿತು, ಚಿಗುರು ಮೇಯ್ತು, ತೊಗಟಿ ಕೆರೆದು ತಿಂತು. ಕಾಣಲಿಲ್ಲ ಅಂದ್ರ ಸುಳ್ಳಾಗ್ತದ — ನೋಡ್ತಿದ್ದೆ, ನೋಡಿ ನಾಳಿ ಬಿಚ್ಚಿದ್ರಾಯ್ತು ಅಂತಿದ್ದೆ.

ಚಳಿ ಬಿದ್ದಾಗ ಒಮ್ಮೆ ಹಿಡಿದು ಜಗ್ಗಿದೆ. ಕೈಗೇ ಬಂತು. ಬೇರು ಬಿಟ್ಟಿತ್ತು ವೈನಿ... ಎಳೀ ಬೇರು, ಎಲ್ಲಾ ಹರಿದು ಕಪ್ಪಾಗಿದ್ವು.

ಹೇಳಿಬಿಡಬೇಕಿತ್ತು. ಭಾಲ್ಕಿ ಏನು ಕಾಶಿಯೇನು? ಹೋಗಿ, ತಪ್ಪಾಗ್ಯದ, ಇನ್ನೊಂದು ಕೊಂಬಿ ಕೊಡ್ರಿ ಅಂದಿದ್ರ ಮುಗೀತಿತ್ತು — ನಿಮ್ಮ ಅವ್ವನ ಗಿಡ ಆವಾಗ ಇನ್ನೂ ಅಲ್ಲಿ ನಿಂತಿತ್ತು! ನಾಚಿಕಿ ಅಡ್ಡ ಬಂತು, ಬರೇ ನಾಚಿಕಿ. ನೀವು ನನ್ನ ಮ್ಯಾಲ ಇಟ್ಟ ಭರೋಸಾ ಉಳಿಸ್ಕೊಳ್ಳಾಕ ನಿಮಗೇ ಮೋಸ ಮಾಡ್ದೆ. ಜನವಾಡದ ದಾರಿಮ್ಯಾಲಿನ ಬಸರಿಯಿಂದ ಕೊಂಬಿ ಕಡಿದು ತಂದೆ — ನಿಜಾಮ ಸರ್ಕಾರದ ಗಿಡ, ಚಪರಾಸಿ ಕಂಡಿದ್ರ ಜುರ್ಮಾನಾ ಅಂತ ದಂಡ ಕಟ್ಟಬೇಕಿತ್ತು. ಅದೇ ದಪ್ಪ, ಅದೇ ಎತ್ತರ, ಅದೇ ಕುಣಿ. ನಿಮ್ಮ ಸೀರಿ ತುಂಡು ಸೈತ ಬಿಚ್ಚಿ ಇದಕ್ಕ ಸುತ್ತಿದೆ. ಅಣ್ಣ ವ್ಯಾಪಾರಕ್ಕ ಹೈದರಾಬಾದಿಗಿ ಹೋಗಿದ್ದ, ಅಪ್ಪನ ಕಣ್ಣು ಮಂಜಾಗಿದ್ವು, ಯಾರೂ ಕೇಳಲಿಲ್ಲ. ಚಳಿಗಾಲದಾಗ ಕೊಂಬಿ ಹತ್ತಂಗಿಲ್ಲ ಅಂತಾರ. ಕೊಡಗಟ್ಟಲೆ ನೀರು ಹೊತ್ತು, ಚಾಪಿ ಮರಿ ಕಟ್ಟಿ ಹತ್ತಿಸಿದೆ. ಅದರಾಗ ಅರ್ಧ ಕಷ್ಟ ಮೊದಲನೇ ಕೊಂಬಿಗಿ ಪಟ್ಟಿದ್ರ ಸಾಕಿತ್ತು. ಮಣ್ಣಾದರೂ ಭಾಲ್ಕಿದೇ ಅದ ಅಂತ ನನಗ ನಾನೇ ಸಮಾಧಾನ ಹೇಳ್ಕೊಂಡೆ, ಥೂ!

ಗಿಡ ಮಾತ್ರ ಏನು ಬೆಳೀತು ನೋಡ್ರಿ. ಅದರ ಮ್ಯಾಲ ನನಗ ಭಾಳ ಪ್ರೀತಿ ಅದ. ನೀವಂದಂಗ ಮೂರು ವರ್ಷಕ್ಕ ಅಪ್ಪನ ಹೊರಸು ಅದರ ಕೆಳಗ ಬಂತು. ಕೊನೀ ಬ್ಯಾಸಿಗಿ ಅಪ್ಪ ಅಲ್ಲೇ ತಣ್ಣಗ ಮಲಗಿ ಕಳೆದ. ಓಣಿ ಹೆಣ್ಮಕ್ಕಳು ಶಾವಿಗಿ ಹೊಸೀತ ಹರಟಿ ಹೊಡೆದದ್ದು, ನಿಮ್ಮ ಮಕ್ಕಳು ನನ್ನ ಮಕ್ಕಳು ಒಂದೇ ಕೌದಿ ಮ್ಯಾಲ ಉರುಳಾಡಿದ್ದು, ಅಣ್ಣ ಹೈದರಾಬಾದಿನ ಸುದ್ದಿ ಉಪ್ಪು ಖಾರ ಹಚ್ಚಿ ಹೇಳಿದ್ದು — ಎಲ್ಲಾ ಅದರ ಕೆಳಗೇ. ನಮ್ಮ ಮನಿ ಸುಖ ಉಂಡದ. ಅದು ಖರೇ, ಅದರಾಗ ನನ್ನ ಸುಳ್ಳು ಸೇರಿಲ್ಲ.

ಆದ್ರ ನೀವು ಅದನ್ನ ಬರೇ ನೆರಳು ಅಂತ ತಿಳಿಯಲಿಲ್ಲ. ನಿಮ್ಮ ಅಣ್ಣಂದಿರು ಪಾಲಾಗಿ, ನಡುವ ಗ್ವಾಡಿ ಹಾಕಾಕ ನಿಮ್ಮ ಅವ್ವನ ಬಸರಿ ಕಡಿದು ಹಾಕಿದ್ರು. ಆ ಜಗಳದಾಗ ತವರಿನ ದಾರಿನೂ ಮುಚ್ಚಿತು ನಿಮಗ. ಸುದ್ದಿ ಬಂದ ದಿನ ನಮ್ಮ ಗಿಡಕ್ಕ ತಲಿ ಹಚ್ಚಿ ಅತ್ತಿರಿ. ನಾ ನೀರಿನ ತಂಬಿಗಿ ಹಿಡ್ಕೊಂಡು ಹಿಂದ ನಿಂತಿದ್ದೆ. ಅಂದು ಬಾಯಿ ಬಿಡಬೇಕಿತ್ತೋ, ಬಿಡಬಾರದಿತ್ತೋ — ನನಗ ಈಗಲೂ ತಿಳಿಯವಲ್ಲದು. ಅಲ್ಲಿಂದ ಮುಂದ ಪಂಚಮಿಗಿ ಓಣಿ ಹೆಣ್ಮಕ್ಕಳೆಲ್ಲ ತವರಿಗಿ ಹೋದ್ರ, ನೀವು ಇದೇ ಗಿಡಕ್ಕ ಜೋಕಾಲಿ ಕಟ್ಟಿಸಿ, "ನನ್ನ ತವರೇ ಇಲ್ಲಿ ಬಂದು ನಿಂತದ" ಅಂತಿದ್ರಿ. ಹಗ್ಗ ಕಟ್ಟಾಕ ವರ್ಷಾ ಗಿಡ ಹತ್ತಿದವ ನಾನು.

ಒಮ್ಮೆ ನೀವು ಸಮೀಪ ಬಂದಿದ್ರಿ. "ಭಾಲ್ಕಿದು ಶಿವರಾತ್ರಿಗೇ ಕೆಂಪು ಚಿಗುರು ಬಿಡ್ತಿತ್ತು. ಇದ್ಯಾಕ ಯುಗಾದಿ ದಾಟಿ ಚಿಗೀತದ, ಗುರಪ್ಪ?" ಅಂದ್ರಿ. ಮತ್ತ ನೀವೇ ಅಂದ್ರಿ, "ಬೀದರ ಎತ್ತರದಾಗ ಅದ ನೋಡ್ರಿ, ಗಾಳಿ ತಂಪು, ಅದಕ್ಕಿರಬೇಕು." ನಾ, "ಹೌದ್ರಿ ವೈನಿ, ಗಾಳಿನೇ" ಅಂದೆ. ಕುದುರಿ ಕಟ್ಟಿದ್ದು ಬೇಪರ್ವಾಯಿ ಅನ್ರಿ, ಇದು ಮಾತ್ರ ತಿಳಿದು ಮಾಡಿದ್ದು.

ಈಗ ಕೊಂಬಿ ಒಯ್ಯೋದು ಬಿಡೋದು ನಿಮ್ಮ ಮನಸ್ಸು. ಒಯ್ದ್ರ ವೀರಣ್ಣನ ಅಂಗಳಕ್ಕ ನೆರಳು ಆಗೇ ಆಗ್ತದ. ಗಿಡದಾಗ ಖೋಟಿ ಇಲ್ಲ, ನನ್ನಾಗ ಅದ. ಆದ್ರ ನಿಮ್ಮ ಅವ್ವನ ಜಾಗಾದಾಗ, ಅವರ ಹೆಸರಿಲೆ, ದಾರಿಮ್ಯಾಲಿನ ಕೊಂಬಿ ನೀವು ತಿಳೀದೇ ಹಚ್ಚೋದನ್ನ ನೋಡಿ ಸುಮ್ಮನಿರಾಕ ನನ್ನ ಕೈಲೆ ಆಗಂಗಿಲ್ಲ. ಗಾಡ್ಯಾಗ ನಾನೂ ಬರ್ತೇನಿ, ವೀರಣ್ಣನ ಮುಂದ ನಾನೇ ಹೇಳ್ತೇನಿ. ಆ ನಾಚಿಕಿ ನಿಮ್ಮ ತಲಿ ಮ್ಯಾಲ ಬ್ಯಾಡ.

ಇನ್ನೊಂದದ. ಅವ್ವನ ಕೊಂಬಿ ಏನ್ ಮಾಡಿದ್ರಿ ಅಂತ ನೀವು ಕೇಳೇ ಕೇಳ್ತೀರಿ, ಕೇಳೋ ಮುಂಚೆ ನಾನೇ ಹೇಳ್ತೇನಿ. ಅದು ಒಣಗಿ ಬಚ್ಚಲ ಹತ್ರ ಕಟಗಿ ರಾಶ್ಯಾಗ ಬಿದ್ದಿತ್ತು. ನೀವು ಕೂಸನ್ನ ಎತ್ತಿಕೊಂಡು ಭಾಲ್ಕಿಯಿಂದ ಬರೋ ದಿನ, ನಿಮ್ಮ ಕಣ್ಣಿಗಿ ಬೀಳಬಾರದು ಅಂತ ಕಡಿದು ಒಲಿಗಿ ಹಾಕಿದೆ. ಅದೇ ಉರೀಲೆ ನಿಮಗೂ ಕೂಸಿಗೂ ಎರಿಯಾಕ ನೀರು ಕಾಯಿಸಿದೆ. ನೀವು ಜಳಕಾ ಮಾಡಿ, ತಲಿ ಒರೆಸ್ಕೊಂತ ಹೊರಗ ಬಂದು, ನನ್ನ ನೋಡಿ ನಕ್ಕು ಅಂದ್ರಿ — "ನೀರು ಭಾಳ ಚೊಲೋ ಕಾದಿದ್ವು, ಗುರಪ್ಪ."