ಅಂಟುವಾಳದ ನೊರೆ, ಮಾದೇಶ್ವರನ ಬೋರ್ಡು

ಇವತ್ತು ಬೆಳಿಗ್ಗೆ ನನ್ನ ಹೆಂಡತಿ ಅಂಟುವಾಳದ ಕಾಯಿ ನೆನೆಸಿ ಬೆಳ್ಳಿ ಕಾಲುಚೈನು ತೊಳೆಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಓಮಲೂರಿನ ಮೆಕ್ಯಾನಿಕ್ ಚಿಕ್ಕಣ್ಣ ನೆನಪಾದ. ಅಂಟುವಾಳಕ್ಕೂ ಮೆಕ್ಯಾನಿಕ್ಕಿಗೂ ಏನು ಸಂಬಂಧ ಅಂತೀರಾ? ಸ್ವಲ್ಪ ಹಿಂದಕ್ಕೆ ಹೋಗಬೇಕು, ಬನ್ನಿ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ತಮಿಳುನಾಡಿನ ಪಾಲಕೋಡಿನ ನಮ್ಮ ಬೀದಿಯಲ್ಲಿ ಟರ್ಬೊ ಡೀಸೆಲ್ ಕಾರು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಸೆಕೆಂಡ್ ಹ್ಯಾಂಡು ಎಂಬುದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಆದರೆ ಟರ್ಬೊ ಅಂದರೇನೆಂದು ಕೇಳಿದವರಿಗೂ ಕೇಳದವರಿಗೂ ವಿವರಿಸುತ್ತಿದ್ದೆ: ಅದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ, ಒತ್ತಿದ ಗಾಳಿ ಕಾಯುತ್ತದೆ, ಹಾಗೆ ಕಾದದ್ದನ್ನು ಕಾರಿನ ಮುಂಭಾಗದಲ್ಲಿರುವ ಇಂಟರ್‌ಕೂಲರ್ ಎಂಬ ಜಾಲರಿ ಪೆಟ್ಟಿಗೆ ತಣಿಸುತ್ತದೆ. ಇಷ್ಟೆಲ್ಲ ಬಲ್ಲವನು ಮಾಡಿದ ಘನಕಾರ್ಯ ಮುಂದೆ ಬರುತ್ತದೆ.

ಅವ್ವನಿಗೆ ಮಂಡಿನೋವು. ಬಸ್ಸು ಹತ್ತಲಾಗದೆ ಮಾದೇಶ್ವರನ ಬೆಟ್ಟಕ್ಕೆ ಹೋಗಿ ವರ್ಷಗಳಾಗಿದ್ದವು. “ಈ ಅಮಾಸೆಗೆ ಕಾರಲ್ಲೇ ಕರ್ಕೊಂಡು ಓಗ್ತೀನಿ” ಎಂದು ಮಾತು ಕೊಟ್ಟಿದ್ದೆ. ಅಮಾವಾಸ್ಯೆಗೆ ನಾಲ್ಕು ದಿನವಿರುವಾಗ, ಸೇಲಂನಿಂದ ಬರುತ್ತಾ ತೊಪ್ಪೂರಿನ ಏರಿನಲ್ಲಿ ಕಾರು ಸೋತಿತು. ಬುಸ್ ಎಂಬ ಸದ್ದು, ಹಿಂದೆ ಕಪ್ಪು ಹೊಗೆ. ಜಲ್ಲಿ ಹೇರಿದ ಲಾರಿಯೊಂದು ತೆವಳುತ್ತಲೇ ನನ್ನನ್ನು ದಾಟಿ ಹೋಯಿತು. ಇಂಥ ಕಾರಿನಲ್ಲಿ ಅವ್ವನನ್ನು ಬೆಟ್ಟದ ತಿರುವು ಹತ್ತಿಸುವುದು ಹೇಗೆಂದು ನನಗೆ ನಿಜಕ್ಕೂ ಭಯವಾಯಿತು.

ಮಾರನೆಯ ದಿನ ಓಮಲೂರಿಗೆ ಹೊರಟಾಗ “ನಾನೂ ಬತ್ತೀನಿ ಕಣ್ಲಾ” ಎಂದು ಅವ್ವ ಹಿಂದಿನ ಸೀಟಿನಲ್ಲಿ ಕೂತಳು. ಚಿಕ್ಕಣ್ಣ ಟರ್ಬೊದ ಗಾಳಿ ಕೊಳವೆಯ ಒಂದು ತುದಿಯನ್ನು ಟ್ಯೂಬಿನ ತುಂಡು ಬಿಗಿದು ಮುಚ್ಚಿದ, ಇನ್ನೊಂದು ತುದಿಯಿಂದ ಸೈಕಲ್ ಪಂಪಿನಲ್ಲಿ ಗಾಳಿ ತುಂಬಿದ. ಆಮೇಲೆ ಬ್ರಶ್ಶನ್ನು ಅಂಟುವಾಳದ ನೊರೆಯಲ್ಲಿ ಅದ್ದಿ ಕೊಳವೆಗೂ ಅದರ ಜೋಡಣೆಗಳಿಗೂ ಸವರಿದ.

“ಸೋಪಿನ ನೊರೆ ಬೇಗ ಆರೋಯ್ತದೆ ಸಾರ್. ಇದು ನಿಂತ್ಕೊಂಡು ಸಾಕ್ಷಿ ಹೇಳ್ತೈತೆ” ಎಂದ.

ರಬ್ಬರ್ ಕೊಳವೆಯ ಅಡಿಯಲ್ಲಿ ಒಂದು ಗುಳ್ಳೆ ಉಬ್ಬಿತು, ಅದರ ಪಕ್ಕದಲ್ಲೇ ಇನ್ನೊಂದು. “ಪಾತ್ತೀಂಗಳಾ, ನೋಡಿದ್ರಾ? ಇಲ್ಲೇ ಸೀಳ್ಕೊಂಡೈತೆ.” ಲಾರಿಯ ಕೊಳವೆಯೊಂದನ್ನು ಅಳತೆಗೆ ಕೊಯ್ದು ಕೂರಿಸಿ, ಪಟ್ಟಿ ಬಿಗಿದು, ನಮ್ಮ ಜೊತೆ ತೊಪ್ಪೂರಿನ ಕಡೆ ಹೊರಟ.

ಬುಸುಗುಡುವುದು ನಿಂತಿತ್ತು, ಹೊಗೆಯೂ ಇರಲಿಲ್ಲ. ಆದರೆ ಅರ್ಧ ಏರು ಹತ್ತುವಷ್ಟರಲ್ಲಿ ಕಾರಿನ ಕಸುವು ಮತ್ತೆ ಇಳಿಯಿತು. ಚಿಕ್ಕಣ್ಣ ಇಳಿದು ಬಾನೆಟ್ ಎತ್ತಿ, ಇಂಟರ್‌ಕೂಲರಿನ ಎರಡೂ ಕಡೆ ಮುಟ್ಟಿ ನೋಡಿದ. “ಒಳಕ್ಕೆ ಓಗೋ ಪೈಪೂ ಸುಡ್ತೈತೆ, ಈಚೆಗೆ ಬರೋ ಪೈಪೂ ಅಷ್ಟೇ ಸುಡ್ತೈತೆ. ಪೆಟ್ಟಿಗೆಗೆ ಗಾಳಿನೇ ಇಲ್ಲ ಸಾರ್!”

ಕಾರಿನ ಮುಂದಕ್ಕೆ ಬಂದವನು ಚಪ್ಪಲಿ ಬಿಟ್ಟು ಕೈ ಮುಗಿದ. ಮುಂಭಾಗದ ಜಾಲರಿಯನ್ನು ಪೂರಾ ಮುಚ್ಚಿ ತಗಡಿನ ಬೋರ್ಡೊಂದು ಕೂತಿತ್ತು. ಅದರ ಮೇಲೆ ದಪ್ಪ ತಮಿಳು ಅಕ್ಷರದಲ್ಲಿ ‘ಮಾದೇಶ್ವರನ್ ತುಣೈ’, ಅಂದರೆ ಮಾದೇಶ್ವರನೇ ನೆರವು.

“ಇಷ್ಟು ದೊಡ್ಡದಾ ಯಾರ್ ಸಾರ್ ಬರ್ಸಿದ್ದು?”

ಈ ಬೆಟ್ಟದ ಯಾತ್ರೆಗೆಂದು ಅವ್ವ ಕೇಳಿದ್ದು ಅಂಗೈಯಗಲದ ಬೋರ್ಡು. ಎದುರುಮನೆಯವನ ವ್ಯಾನಿನದಕ್ಕಿಂತ ದೊಡ್ಡದಿರಲಿ ಎಂದು ಹಟ ಹಿಡಿದು ಮಾಡಿಸಿದವನು ನಾನು. ನಾನು ಬಾಯಿ ತೆರೆಯುವ ಮೊದಲೇ ಕಾರಿನೊಳಗಿಂದ ಅವ್ವನ ದನಿ ಬಂತು: “ನಾನೇ ಕಣಪ್ಪ. ಮುದುಕಿ ಆಸೆ, ದೊಡ್ಡದಾಗಿ ಬರ್ಸು ಅಂದೆ.” ನಾನು ರಸ್ತೆಯ ಕಡೆ ತಿರುಗಿಕೊಂಡೆ.

ಚಿಕ್ಕಣ್ಣ ಸ್ಪ್ಯಾನರನ್ನು ನನ್ನ ಕೈಗಿತ್ತು ದೂರ ಸರಿದ. “ಸಾಮೀನ ನಾನ್ ಬಿಚ್ಚಕಿಲ್ಲ. ನೀವೇ ಬಿಚ್ಚಿ.”

“ಬಿಚ್ಚಿ ನನ್ನ ಮಡ್ಲಿಗೆ ಕೊಡು ಕಣ್ಲಾ” ಎಂದಳು ಅವ್ವ. “ಸಾಮಿ ಒಳಗೆ ಕೂತ್ಕಳ್ಳಿ, ಗಾಳಿ ಒಳಕ್ಕೆ ಬರ್ಲಿ.”

ಕಾರು ಉಳಿದ ಏರನ್ನು ಸಲೀಸಾಗಿ ಹತ್ತಿತು. ಅಮಾವಾಸ್ಯೆಯ ದಿನ ಬೆಟ್ಟವನ್ನೂ ಹತ್ತಿತು. ತಿರುವು ತಿರುವಿಗೂ ಅವ್ವ ಮಡಿಲಲ್ಲಿದ್ದ ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದು ನಗುತ್ತಿದ್ದಳು. ಅಂಥ ಸಂತೋಷವನ್ನು ನಾನು ಆಮೇಲೆ ಹೆಚ್ಚು ಸಲ ಕಂಡಿಲ್ಲ. ಊರಿಗೆ ಬಂದವನು ಮಾತ್ರ, ಅವ್ವನ ಆಸೆಯಿಂದ ಕಾರು ಕೆಟ್ಟಿತ್ತೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಅವ್ವ ತೀರಿಕೊಂಡ ಮೇಲೂ ಹಾಗೇ ಹೇಳಿದ್ದೇನೆ.

“ಏನು ಹಂಗೆ ನೋಡ್ತಾ ನಿಂತ್ರಿ?” ಹೆಂಡತಿ ತಲೆಯೆತ್ತಿದಳು. ಇವತ್ತು ಯಾಕೋ ಬಾಯಿಗೆ ಬಂದೇಬಿಟ್ಟಿತು. “ಕಾರಿನ ಆ ಬೋರ್ಡನ್ನ ದೊಡ್ಡದಾಗಿ ಮಾಡ್ಸಿದ್ದು ಅವ್ವ ಅಲ್ಲ, ನಾನು.”

“ಗೊತ್ತು. ಅತ್ತೆ ಅವತ್ತೇ ಹೇಳಿದ್ರು” ಎಂದು ಅವಳು ಮತ್ತೆ ಉಜ್ಜತೊಡಗಿದಳು. “‘ನಿಂಗೆ ಗೊತ್ತು ಅಂತ ಅವ್ನಿಗೆ ಹೇಳ್ಬ್ಯಾಡ, ನಾಚ್ಕೊಂಡಾನು’ ಅಂದ್ರು.”

ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತೆ. ನೊರೆಯೊಳಗೆ ಕೈ ಹಾಕಿ, ಇನ್ನೊಂದು ಚೈನನ್ನು ತೆಗೆದುಕೊಂಡು ಉಜ್ಜಿದೆ.